ಶಾಲೆ ಬಿಟ್ಟ ಹೊತ್ತಿನ ಹಸಿವಿಗೆ ಶೇಂಗಾ

ಮಾನ್ಯರೇ,

ಚಳ್ಳಕೆರೆ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಸಂಜೆ ಗಂಟೆ ಹೊಡೆದ ಕೂಡಲೇ ಮಕ್ಕಳು ಓಡುವುದು ಗೇಟಿನೆದುರಿನ ಅಂಗಡಿಗೆ. ಮೊನ್ನೆ ಮೂರನೇ ತರಗತಿಯ ಹುಡುಗಿಯೊಬ್ಬಳು ಐದು ರೂಪಾಯಿಯ ಕುರುಕಲು ಪ್ಯಾಕೆಟ್ಟನ್ನು ಹಲ್ಲಿನಿಂದ ಹರಿದು, ಖಾಲಿಯಾದ ಮೇಲೆ ಒಳಗೆ ಅಂಟಿದ್ದ ಮಸಾಲೆಯನ್ನೂ ಬೆರಳಿನಿಂದ ಬಳಿದು ನೆಕ್ಕಿದಳು. ಅಷ್ಟು ಹಸಿದಿದ್ದಳು. ಅವಳ ಅಪ್ಪ ಎರಡು ಎಕರೆಯಲ್ಲಿ ಶೇಂಗಾ ಬೆಳೆಯುತ್ತಾರೆ!

ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,700 ಕ್ಯಾಲೊರಿ ಬೇಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. ಬಿಸಿಯೂಟದ ನಿಯಮದಂತೆ ಒಂದರಿಂದ ಐದನೇ ತರಗತಿಯವರಿಗೆ ಸಿಗುವುದು 450. ಕ್ಷೀರಭಾಗ್ಯದ ಒಂದು ಲೋಟ ಹಾಲು, ಒಂದು ಮೊಟ್ಟೆ ಸೇರಿಸಿದರೂ ಸುಮಾರು 1,100 ಬಾಕಿ. ಅಷ್ಟನ್ನೂ ಮನೆಯೇ ಕೊಡಬೇಕು. ಆದರೆ ಅಪ್ಪ ಅಮ್ಮ ಬೆಳಿಗ್ಗೆ ಆರಕ್ಕೇ ಕೂಲಿಗೆ ಹೊರಡುವ ಮನೆಗಳಲ್ಲಿ ತಿಂಡಿ ಎಂದರೆ ರಾತ್ರಿ ಉಳಿದ ಅನ್ನ, ಇಲ್ಲವೇ ಟೀಯಲ್ಲಿ ಅದ್ದಿದ ಎರಡು ಬಿಸ್ಕತ್ತು. ಮುದ್ದೆ ತಿರುವುವುದು ರಾತ್ರಿ ಎಂಟೂವರೆಗೆ. ಅಷ್ಟೊತ್ತಿಗೆ ಮಗು ತೂಕಡಿಸುತ್ತಿರುತ್ತದೆ, ಅರ್ಧ ಮುದ್ದೆಗೇ ಕೈ ತೊಳೆಯುತ್ತದೆ. ಮಕ್ಕಳ ಹೊಟ್ಟೆ ಚಿಕ್ಕದು, ಸ್ವಲ್ಪ ಸ್ವಲ್ಪವೇ ಆದರೂ ಮೇಲಿಂದ ಮೇಲೆ ಕೊಡುತ್ತಿರಬೇಕು.

ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ ಹುರಿದ ಶೇಂಗಾದಲ್ಲಿ ಸುಮಾರು 170 ಕ್ಯಾಲೊರಿ, 7 ಗ್ರಾಂ ಪ್ರೋಟೀನ್ ಇದೆ. ಜೊತೆಗೊಂದು ಬಾಳೆಹಣ್ಣು ಕೊಟ್ಟರೆ ಸಂಜೆಯ ಹಸಿವು ನೀಗುತ್ತದೆ, ರಾತ್ರಿಯ ಊಟವೂ ಕೆಡುವುದಿಲ್ಲ. (ಅಂಗನವಾಡಿಯ ಪುಟ್ಟ ಮಕ್ಕಳಿಗೆ ಇಡೀ ಕಾಳು ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಲ್ಲ ಸೇರಿಸಿ ಪುಡಿ ಮಾಡಿ ಕೊಡಿ. ಶೇಂಗಾ ಒಗ್ಗದ ಮಕ್ಕಳಿಗೆ ಹುರಿಗಡಲೆ ಆಗಬಹುದೇ ಎಂದು ವೈದ್ಯರನ್ನು ಕೇಳಿ.)

ನಮ್ಮ ಶಾಲೆಯಲ್ಲಿ 60 ಮಕ್ಕಳಿದ್ದಾರೆ. ದಿನಕ್ಕೆ 1.8 ಕೆ.ಜಿ. ಕಾಳಿನಂತೆ ತಿಂಗಳ ಇಪ್ಪತ್ತು ದಿನಕ್ಕೆ 36 ಕೆ.ಜಿ. ಸಾಕು. ಶೇಂಗಾ ಬೆಳೆಯುವ ಇಪ್ಪತ್ತೈದು ಮನೆಯವರು ತಿಂಗಳಿಗೆ ಒಂದೂವರೆ ಕೆ.ಜಿ.ಯಂತೆ ಕೊಟ್ಟರೂ ಆಯಿತು. ಜಾತ್ರೆಯ ದಾಸೋಹಕ್ಕೆ ಮೂಟೆಗಟ್ಟಲೆ ಕೊಡುವ ಊರು ನಮ್ಮದು. ಎಣ್ಣೆ ಮಿಲ್ಲಿಗೆ ಮೂಟೆ ಹೊರಡುವ ಮೊದಲು ಶಾಲೆಯ ಪಾಲನ್ನು ತೆಗೆದಿಡಿ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೇಳಿದ್ದೇನೆ, ಪತ್ರಿಕೆಯ ಮೂಲಕ ಅಕ್ಕಪಕ್ಕದ ಊರಿನವರನ್ನೂ ಕೇಳುತ್ತಿದ್ದೇನೆ. ಹುರಿದುಕೊಡಲು ನಮ್ಮ ಅಡುಗೆಯಮ್ಮ ಒಪ್ಪಿದ್ದಾರೆ.

– ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು