ಕಲಬುರಗಿ ಅಕ್ಕನಿಗೆ, ಮತ್ತು ನಿಮ್ಮೆಲ್ಲರಿಗೆ

ಇವತ್ತು 2025ರ ಜೂನ್ 8, ಪೆಂಟೆಕೋಸ್ಟ್ ಹಬ್ಬ. ಈಸ್ಟರ್‌ನಿಂದ ಎಣಿಸಿದರೆ ಐವತ್ತನೇ ದಿನ. ನಮ್ಮ ಮನೆಯವರು ಬೆಳಿಗ್ಗೆ ಪುಣೆಯ ಕ್ವಾರ್ಟರ್ ಗೇಟ್ ಹತ್ತಿರ ಆಟೊ ಇಳಿದು, ಕೋಲು ಊರಿಕೊಂಡು, ಕನ್ನಡ ಆರಾಧನೆಗೆ ನಡೆದೇ ಬಂದರು. ಈಸ್ಟರ್ ಹೊತ್ತಿಗೆ ಇವರು ಐಸಿಯುನಲ್ಲಿ ಸಾವು ಬದುಕಿನ ನಡುವೆ ಇದ್ದರು. ಏನಾಯ್ತು, ಹೇಗಾಯ್ತು ಅನ್ನೋದು ನಿಮಗೆಲ್ಲ ಗೊತ್ತೇ ಇದೆ, ಬಿಡಿ.

ರಕ್ತ ಕೊಟ್ಟ ಹುಡುಗರು, ಡೆಪಾಸಿಟ್ ಕಟ್ಟಿ ಅಂತ ಕೌಂಟರಿನವರು ಕೂತುಬಿಟ್ಟಾಗ ಹತ್ತೇ ನಿಮಿಷದಲ್ಲಿ ದುಡ್ಡು ಕಳಿಸಿದ ಆಫೀಸಿನವರು, ಮಕ್ಕಳಿಬ್ಬರನ್ನೂ ತನ್ನ ಮನೆಯಲ್ಲೇ ಇಟ್ಟುಕೊಂಡ ಎದುರುಮನೆ ಮರಾಠಿ ವಹಿನಿ, ಧಾರವಾಡದಿಂದ ರಾತ್ರಿ ಬಸ್ಸು ಹತ್ತಿ ಬಂದ ನನ್ನ ತಮ್ಮ, ನಮ್ಮ ಸಭಾಪಾಲಕರು, ಎಲ್ಲರಿಗೂ ಕೈ ಮುಗಿಯುತ್ತೇನೆ. ಉಳಿದದ್ದೆಲ್ಲ ಅಕ್ಕನ ಬಗ್ಗೆ. ಬೇಜಾರು ಮಾಡ್ಕೋಬೇಡಿ.

ಹೆಸರು ಹಾಕಬೇಡ ಅಂದಿದ್ದಾರೆ. ಸಭೆಯಲ್ಲಿ ಎಲ್ಲರೂ ಕಲಬುರಗಿ ಅಕ್ಕ ಅಂತಲೇ ಕರೆಯೋದು. ಪುಣೆಗೆ ಕಟ್ಟಡ ಕೆಲಸಕ್ಕೆ ಬಂದ ಆ ಕಡೆಯ ಹುಡುಗರಿಗೆ ರೊಟ್ಟಿ ಬಡಿದು ಹಾಕುತ್ತಾರೆ. ಅವತ್ತು ಶನಿವಾರ, ಏಪ್ರಿಲ್ 19. ರಾತ್ರಿ ಎಂಟಕ್ಕೆ ಐಸಿಯು ಮುಂದೆ ಒಂದು ಚೀಲ ಹಿಡಿದು ಬಂದರು. ಹಣ್ಣು ತಂದಿರಬೇಕು ಅಂದುಕೊಂಡೆ. ಬಿಚ್ಚಿದರೆ ಬೆಳ್ಳುಳ್ಳಿ, ಮೂರು ಕೆಜಿ!

"ನಾಳಿ ಈಸ್ಟರ್ ಊಟಕ್ಕ ಬೇಕು. ಇಲ್ಲೇ ಕುಂತು ಸುಲೀತೀನಿ" ಅಂದರು. ವಾರ್ಡಿನ ಆಯಾ, ಮಾವಶಿ, ಬಂದು ಮರಾಠಿಯಲ್ಲಿ ಬೈದಳು. ಅಕ್ಕ ಕನ್ನಡದಲ್ಲೇ ಉತ್ತರ ಕೊಟ್ಟರು. ಅದೇನು ಅರ್ಥವಾಯಿತೋ, ಆಮೇಲೆ ಅವಳೂ ಕಾಲು ಗಂಟೆ ಕೂತು ಸುಲಿದು ಹೋದಳು.

ಶುಭ ಶುಕ್ರವಾರಕ್ಕೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಿವೆ. ಭಾನುವಾರಕ್ಕೆ ಬರಿದಾದ ಸಮಾಧಿ ಇದೆ. ನಡುವಿನ ಶನಿವಾರದ ಬಗ್ಗೆ ಸುವಾರ್ತೆ ಬರೆದ ಲೂಕ ಹೇಳೋದು ಒಂದೇ ಮಾತು, ಯೇಸುವಿನ ಜೊತೆ ಬಂದಿದ್ದ ಹೆಂಗಸರು ಸಬ್ಬತ್ ದಿನ, ಅಂದರೆ ವಿಶ್ರಾಂತಿಯ ದಿನ, ಸುಮ್ಮನಿದ್ದರು ಅಂತ. ಹೇಗೆ ಸುಮ್ಮನಿದ್ದರೋ!

ನನಗಂತೂ ಆಗಲಿಲ್ಲ. ರಾತ್ರಿ ಎರಡಕ್ಕೆ ಡಾಕ್ಟರ್ ಹೊರಗೆ ಬಂದು ಮಾತಾಡಿ ಹೋದ ಮೇಲೆ ಅಕ್ಕನ ಮೇಲೇ ಕೂಗಾಡಿದೆ. "ಸಾವನ್ನ ಗೆದ್ದ, ಸೈತಾನನ್ನ ಗೆದ್ದ ಅಂತ ವರ್ಷಾ ವರ್ಷಾ ಹಾಡ್ತೀವಲ್ಲ, ಸೋತೋನು ಇಲ್ಲಿ ಯಾಕೆ ಓಡಾಡ್ತಿದ್ದಾನೆ?" ಇನ್ನೂ ಏನೇನೋ ಅಂದೆ. ಅದು ದೇವರಿಗೆ ಗೊತ್ತು, ಅಕ್ಕನಿಗೆ ಗೊತ್ತು, ಸಾಕು.

ಅಕ್ಕ ಕೈ ನಿಲ್ಲಿಸಲಿಲ್ಲ. "ತಲಿ ಜಜ್ಜಿದ ಮ್ಯಾಲೂ ಹಾವಿನ ಬಾಲ ಬಡ್ಕೋತಿರ್ತದ, ತಂಗಿ. ಆ ಹೊಡ್ತ ಬಿದ್ರ ನೋಯ್ತದ. ಸುಳ್ಳ್ಯಾಕ ಹೇಳ್ಲಿ?" ಅಂದು, ನನ್ನ ಮಡಿಲಿಗೆ ಒಂದು ಬೊಗಸೆ ಬೆಳ್ಳುಳ್ಳಿ ಸುರಿದರು. "ಸುಲಿ."

ಸುಲಿದೆ. ಸಣ್ಣ ಸಣ್ಣ ಎಸಳು. ಉಗುರು ಕಚ್ಚಿಕೊಂಡ ಕಡೆಯೆಲ್ಲ ಚುರುಚುರು ಉರಿಯಿತು. ಆ ಹೆಂಗಸರು ಭಾನುವಾರ ನಸುಕಿನಲ್ಲಿ ಸುಗಂಧದ್ರವ್ಯ ಹಿಡಿದು ಹೊರಟಿದ್ದು ಹೆಣಕ್ಕೆ ಹಚ್ಚೋಕೆ, ಅಲ್ವಾ? ಬಾಗಿಲ ಕಲ್ಲನ್ನು ಯಾರು ಉರುಳಿಸಿಕೊಡ್ತಾರೆ ಅನ್ನೋದೇ ಅವರ ಚಿಂತೆ. ಎದ್ದಿರ್ತಾನೆ ಅಂತ ಒಬ್ಬಳೂ ಅಂದುಕೊಂಡಿರಲಿಲ್ಲ. ಅಕ್ಕ ಮಾತ್ರ ಇನ್ನೂ ಕತ್ತಲೆ ಇರುವಾಗಲೇ ಈಸ್ಟರ್ ಊಟದ ತಯಾರಿಗೆ ಕೂತಿದ್ದರು. ಒಳಗಿದ್ದವರು ಉಳಿಯಲಿ, ಉಳಿಯದೆ ಇರಲಿ, ಬೆಳಗಾದರೆ ಈಸ್ಟರ್. ಹಾಗೆ ಯೋಚಿಸೋಕೆ ಅವತ್ತು ಹೆದರಿಕೆಯಾಯಿತು. ಈಗಲೂ ಸ್ವಲ್ಪ ಆಗುತ್ತೆ.

ಐದಕ್ಕೆ ಬಾಗಿಲು ತೆರೆದು "ಬಿಪಿ ಹಿಡಿತಕ್ಕೆ ಬಂದಿದೆ" ಅಂದರು. ಅಕ್ಕ ಸಿಪ್ಪೆಯನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬಿ, ನಸುಕಿನ ಆರಾಧನೆಗೆ ಹೊರಟರು. ಮರುದಿನ ಪೋಪ್ ಫ್ರಾನ್ಸಿಸ್ ತೀರಿಕೊಂಡ ಸುದ್ದಿ ಬಂತು. ಕೇರಳದ ಸಿಸ್ಟರ್ ಒಬ್ಬಳು ಸಲೈನ್ ಬದಲಿಸುತ್ತಲೇ ಅಳುತ್ತಿದ್ದಳು. ಅವಳ ಕೈ ಹಿಡಿದುಕೊಂಡೆ. ನನ್ನ ಕೈ ಇನ್ನೂ ಬೆಳ್ಳುಳ್ಳಿ ವಾಸನೆ ಹೊಡೆಯುತ್ತಿತ್ತು.

ಇವರ ಎಡಗೈ ಇನ್ನೂ ಪೂರ್ತಿ ಮಡಚೋಕೆ ಬರಲ್ಲ. ಬರದೆಯೂ ಇರಬಹುದು. ಎದ್ದು ಬಂದ ಯೇಸುವಿನ ಕೈಯಲ್ಲೂ ಮೊಳೆಯ ಗುರುತು ಹಾಗೇ ಇತ್ತಲ್ಲ, ನಂಬದ ಶಿಷ್ಯ ತೋಮನಿಗೆ ತೋರಿಸಿದ್ದು ಅದನ್ನೇ.

ಇವತ್ತು ಆರಾಧನೆ ಮುಗಿದ ಮೇಲೆ ಅಕ್ಕ ಆ ಎಡಗೈ ಹಿಡಿದು ನೋಡಿದರು. "ಬರೋ ಈಸ್ಟರಿಗಿ ಬೆಳ್ಳುಳ್ಳಿ ನೀವೇ ಸುಲೀಬೇಕ್ರಿ" ಅಂದರು.

"ಎಷ್ಟು ಕೆಜಿ?" ಅಂತ ಕೇಳಿದರು ಇವರು.