ವಾಷಿಂಗ್ ಮಷೀನ್ ಎರರ್ ತೋರಿಸಿದರೆ ಗಾಬರಿಯಾಗಬೇಡ ಪುಟ್ಟಿ

ಪುಟ್ಟಿ,

ರಾತ್ರಿ ನೀನು ಫೋನ್ ಮಾಡಿದಾಗ ನಾನು ನಿದ್ದೆಗಣ್ಣಲ್ಲಿದ್ದೆ, ಸರಿಯಾಗಿ ಹೇಳಲಾಗಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮಷೀನ್ ಎರರ್ ತೋರಿಸಿತು ಅಂದರೆ ಕೆಟ್ಟಿತು ಅಂತಲ್ಲ. ತನ್ನಿಂದ ಯಾವ ಕೆಲಸ ಆಗಲಿಲ್ಲ ಅಂತ ಅದು ಹೇಳುತ್ತದೆ, ಯಾಕೆ ಆಗಲಿಲ್ಲ ಅಂತ ನಾವೇ ನೋಡಬೇಕು. ನಿನ್ನ ಎಲ್‌ಜಿ ಮಷೀನಿನಲ್ಲಿ 'ಓಇ' ಬಂದರೆ ನೀರು ಹೊರಗೆ ಹೋಗುತ್ತಿಲ್ಲ, 'ಐಇ' ಬಂದರೆ ಒಳಗೆ ಬರುತ್ತಿಲ್ಲ, 'ಯುಇ' ಅಂದರೆ ಬಟ್ಟೆ ಒಂದೇ ಕಡೆ ಗುಡ್ಡೆಯಾಗಿದೆ. ಇಂಟರ್ನೆಟ್‌ನಲ್ಲಿ ಹುಡುಕುವಾಗ ಕಂಪನಿ ಹೆಸರು ಸೇರಿಸು. 'ಎಲ್‌ಇ' ಅಂದರೆ ಎಲ್‌ಜಿಯಲ್ಲಿ ಮೋಟಾರಿನ ತೊಂದರೆ, ಸ್ಯಾಮ್‌ಸಂಗ್‌ನಲ್ಲಿ ನೀರು ಸೋರಿಕೆ!

ನಿನಗೆ ಬಂದಿದ್ದು 'ಓಇ' ಅಲ್ವಾ? ಮೊದಲು ಹಿಂದಿನ ಪೈಪ್ ಮಡಚಿಕೊಂಡಿದೆಯಾ ನೋಡು. ಆಮೇಲೆ ಪ್ಲಗ್ ಕಿತ್ತು, ಮುಂದೆ ಕೆಳಮೂಲೆಯಲ್ಲಿರುವ ಚಿಕ್ಕ ಬಾಗಿಲು ತೆಗೆ, ಅಲ್ಲೇ ಫಿಲ್ಟರ್ ಇರುತ್ತದೆ. ಬಿಸಿನೀರಿನಲ್ಲಿ ಒಗೆಯುತ್ತಿದ್ದರೆ ಆರುವ ತನಕ ಕಾಯಬೇಕು, ಮತ್ತೆ ಪಕ್ಕದಲ್ಲಿರುವ ಸಣ್ಣ ಕೊಳವೆಯಿಂದ ನೀರನ್ನೆಲ್ಲ ತಟ್ಟೆಗೆ ಬಿಟ್ಟುಕೊಂಡ ಮೇಲೇ ಫಿಲ್ಟರ್ ತಿರುಗಿಸು, ಇಲ್ಲದಿದ್ದರೆ ನೆಲವೆಲ್ಲ ಕೆರೆ. ನಾನು ಒಮ್ಮೆ ಪಂಪೇ ಹೋಯಿತು ಅಂತ ಮೆಕ್ಯಾನಿಕ್‌ನನ್ನು ಕರೆಸಿದ್ದೆ. ಅವನು ಫಿಲ್ಟರ್‌ನಿಂದ ಒಂದು ನಾಣ್ಯ, ನಿನ್ನ ದೊಡ್ಡಮ್ಮನ ಹೇರ್‌ಪಿನ್ ತೆಗೆದು ನನ್ನ ಕೈಗಿಟ್ಟು ನಕ್ಕ. ನಾಣ್ಯ ನನ್ನ ಜೇಬಿನದೇ ಅಂತ ದೊಡ್ಡಮ್ಮ ಇವತ್ತಿಗೂ ಹೇಳುತ್ತಾಳೆ.

ನೀರು ಬರದಿದ್ದರೆ ನಲ್ಲಿ ತೆರೆದಿದೆಯಾ ನೋಡು, ಪೈಪ್ ಮಷೀನಿಗೆ ಸೇರುವ ಕಡೆ ಇರುವ ಜಾಲರಿಯನ್ನು ಹಳೇ ಬ್ರಷ್‌ನಿಂದ ಉಜ್ಜು. 'ಯುಇ'ಗೆ ಬಟ್ಟೆ ಬಿಡಿಸಿ ಹರಡಿದರೆ ಸಾಕು. ಬೆಡ್‌ಶೀಟ್ ಒಂದನ್ನೇ ಹಾಕಿದಾಗ ಇದು ಜಾಸ್ತಿ.

ಇಷ್ಟೆಲ್ಲ ಮಾಡಿದ ಮೇಲೂ ಅದೇ ಕೋಡ್ ಮತ್ತೆ ಬಂದರೆ ರಿಪೇರಿಯವರನ್ನು ಕರೆಸು. ಸುಟ್ಟ ವಾಸನೆ, ಮುಟ್ಟಿದರೆ ಶಾಕ್, ಮನೆಯ ಟ್ರಿಪ್ಪರ್ ಬೀಳುವುದು, ಕೆಳಗಿನಿಂದ ನೀರು ಸೋರುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಮಾತ್ರ ನೀನು ಪ್ರಯೋಗ ಮಾಡಲೇಬೇಡ. ಮೇನ್ ಸ್ವಿಚ್ ಆಫ್ ಮಾಡು, ನಲ್ಲಿ ನಿಲ್ಲಿಸು, ಫೋನ್ ಮಾಡು. ಸ್ವಿಚ್ ಆಫ್ ಇದ್ದರೂ ಮಷೀನಿಗೆ ನೀರು ತುಂಬುತ್ತಿದ್ದರೆ ವಾಲ್ವ್ ಸಿಕ್ಕಿಕೊಂಡಿದೆ, ಅದೂ ಅವರದೇ ಕೆಲಸ. ವಾರಂಟಿ ಇರುವಾಗ ಸ್ಕ್ರೂಡ್ರೈವರ್ ಹಿಡಿದುಕೊಂಡು ಕೂರಬೇಡ, ನಿನ್ನ ಕೈ ನನಗೆ ಗೊತ್ತು.

ಕೋಡ್ ಬಂದ ತಕ್ಷಣ ಸುಮ್ನೆ ಒಂದು ಫೋಟೋ ತೆಗೆದುಕೋ, ಆಫ್ ಮಾಡಿದರೆ ಅದು ಮಾಯವಾಗುತ್ತದೆ. ನೀರು ತುಂಬುವಾಗ ನಿಂತಿತಾ, ಹಿಂಡುವಾಗಲಾ ಅಂತಲೂ ಬರೆದಿಟ್ಟುಕೋ. ಅದರ ಜೊತೆ ಸ್ಟಿಕ್ಕರ್ ಮೇಲಿನ ಮಾಡೆಲ್ ನಂಬರ್ ಹೇಳಿದರೆ ಬರುವವನು ಬೇಕಾದ ಪಾರ್ಟ್ ತಂದೇ ಬರುತ್ತಾನೆ.

ಫಿಲ್ಟರ್‌ನಲ್ಲಿ ಏನು ಸಿಕ್ಕಿತು ಅಂತ ನನಗೆ ಹೇಳು.

ನಿನ್ನ ದೊಡ್ಡಪ್ಪ