ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಆ ಅಕ್ಕಾರಿಗೆ

ಧಾರವಾಡದ ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತಿದ್ದ ಅಕ್ಕಾರೇ, ನಿಮ್ಮ ಹೆಸರು ಕೇಳುವಷ್ಟರಲ್ಲಿ ಬಸ್ಸು ಬಂತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವ್ವನ ಇಳಕಲ್ ಸೀರೆ ನನ್ನ ಮಡಿಲಲ್ಲಿತ್ತು. ಸೆರಗಿನ ಕಸೂತಿ ಗೋಪುರದ ಎಳೆ ಕಿತ್ತು ಬಂದಿತ್ತು. ದರ್ಜಿ 'ಕತ್ತರಿಸಿ ಮಷೀನ್ ಪ್ಯಾಚ್ ಹಾಕ್ತೀನಿ' ಅಂದಿದ್ದ. ಸಪ್ಪೆ ಮೋರೆ ಹಾಕಿ ಕೂತಿದ್ದೆ. ನೀವು ಸುಮ್ನೆ ಚೀಲದಿಂದ ಸೂಜಿ, ಹಳದಿ ದಾರ ತೆಗೆದಿರಿ.

'ಗಂಟ ಹಾಕಬ್ಯಾಡ ತಂಗಿ, ಎಳಿ ಎಣಸು.'

ಕಸೂತಿಯ ಗವಂತಿ ಹೊಲಿಗೆ ಅಂದರೆ ಇಷ್ಟೇನಾ ಅನ್ನಿಸಿತು. ಹೋಗುವಾಗ ಒಂದು ಬಿಟ್ಟು ಒಂದು, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುವುದು. ದಾರದ ತುದಿಯನ್ನು ಹೊಲಿಗೆಯೊಳಗೇ ಮರೆಸುವುದು. ಮಾಡಲು ಕೂತಾಗ ಗೊತ್ತಾಯಿತು! ಒಂದು ಎಳೆ ತಪ್ಪಿ ಎಣಿಸಿದರೂ ಗೋಪುರ ವಾಲುತ್ತದೆ. ಮನೆಯಲ್ಲಿ ನಾಲ್ಕು ಸಂಜೆ ಹಿಡಿಯಿತು. ಬಿಚ್ಚಿದ್ದೇ ಜಾಸ್ತಿ.

ಶೀಗಿ ಹುಣ್ಣಿಮೆಗೆ ಅವ್ವ ಅದೇ ಸೀರೆ ಉಟ್ಟಳು. ಹೊಲದಲ್ಲಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಎಲ್ಲರೂ ಬುತ್ತಿ ಬಿಚ್ಚಿದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅಣ್ಣನ ಮಗಳು ಸೆರಗು ತಿರುಗಿಸಿ ತಿರುಗಿಸಿ ನೋಡಿದಳು. 'ಅಜ್ಜಿ, ಇದರೊಳಗ ಉಲ್ಟಾ ಯಾವುದು?' ಅವ್ವ ನಕ್ಕಿದ್ದೇ ನಕ್ಕಿದ್ದು.

ಸೆರಗಿಗೆ ಆಗಲೇ ಎಣ್ಣೆ ಕಲೆ ಹತ್ತಿದೆ, ಬೈಯಬೇಡಿ. ಒಂದು ಗೋಪುರ ಸ್ವಲ್ಪ ಸೊಟ್ಟ ಇದೆ, ಅದು ನನ್ನದು. ಉಳಿದ ಚಂದವೆಲ್ಲ ನೀವು ಹೇಳಿಕೊಟ್ಟಿದ್ದು. ಅಂದಹಾಗೆ, ನಿಮ್ಮ ಸೂಜಿ ನನ್ನ ಹತ್ತಿರವೇ ಉಳಿದಿದೆ.